ಎಣಿಸಿ ನೋಡಿದ್ದೀಯಾ?

“ಬೇರೆ ದಾರಿಯೇ ಇರಲಿಲ್ಲ.” ಪ್ರಿಯ ಓದುಗರೇ, ಈ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಂದರ್ಭದಲ್ಲಿ ಆಡಿದವರೇ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ, ವಯಸ್ಸಾದ ತಂದೆಯನ್ನು ಬೇರೆ ಕಡೆ ಬಿಟ್ಟು ಬಂದಾಗ, ಮಗನ ಓದಿಗೆಂದು ಮಗಳ ಓದನ್ನು ನಿಲ್ಲಿಸಿದಾಗ ಈ ಮಾತು ನಮ್ಮ ನೆರವಿಗೆ ಬರುತ್ತದೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಅದು ನಿಜವೋ, ಅಥವಾ ರಾತ್ರಿ ನಿದ್ದೆ ಬರಲೆಂದು ನಾವೇ ಕಟ್ಟಿಕೊಂಡ ಸಮಾಧಾನವೋ ಎಂದು ತಿರುಗಿ ನೋಡುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ?

ಈ ಪ್ರಶ್ನೆಯನ್ನು ಬಹಳ ಗಟ್ಟಿಯಾಗಿ ಕೇಳಿದ ಒಂದು ಟೆಲಿವಿಷನ್ ಕಾರ್ಯಕ್ರಮವನ್ನು ಈ ವಾರ ನಿಮ್ಮೊಂದಿಗೆ ಪರಿಶೀಲಿಸೋಣ. ಅದು ಗಂಭೀರ ನಾಟಕವಲ್ಲ. ಮನೆಮಂದಿಯೆಲ್ಲ ಕೂತು ನೋಡಲೆಂದು ಮಾಡಿದ, ರಾಕ್ಷಸರೂ ರಾಕೆಟ್ಟುಗಳೂ ತುಂಬಿದ ಬ್ರಿಟಿಷ್ ವಿಜ್ಞಾನ ಧಾರಾವಾಹಿ ‘ಡಾಕ್ಟರ್ ಹೂ’. ಅದರ ಐವತ್ತನೆಯ ಹುಟ್ಟುಹಬ್ಬಕ್ಕೆಂದು 2013ರ ನವೆಂಬರ್ 23ರಂದು ಬಿಬಿಸಿ ಪ್ರಸಾರ ಮಾಡಿದ ವಿಶೇಷ ಕಂತಿನ ಹೆಸರು ‘ದಿ ಡೇ ಆಫ್ ದ ಡಾಕ್ಟರ್’, ಎಂದರೆ ಡಾಕ್ಟರನ ದಿನ. ಸುಮಾರು ಒಂದೂಕಾಲು ಗಂಟೆಯ ಈ ಕಂತನ್ನು 94 ದೇಶಗಳಲ್ಲಿ ಒಂದೇ ಹೊತ್ತಿಗೆ ತೋರಿಸಲಾಯಿತು. ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು.

ಹಿನ್ನೆಲೆ

ಧಾರಾವಾಹಿಯನ್ನು ನೋಡದವರಿಗಾಗಿ ಎರಡು ಮಾತು. 1963ರ ನವೆಂಬರ್ 23, ಶನಿವಾರ. ಅಮೆರಿಕದ ಅಧ್ಯಕ್ಷ ಕೆನಡಿ ಗುಂಡಿಗೆ ಬಲಿಯಾದ ಮರುದಿನ. ಜಗತ್ತೇ ಆ ಸುದ್ದಿಯಲ್ಲಿ ಮುಳುಗಿದ್ದಾಗ ಲಂಡನ್ನಿನಲ್ಲಿ ಈ ಧಾರಾವಾಹಿಯ ಮೊದಲ ಕಂತು ಪ್ರಸಾರವಾಯಿತು. ಅನೇಕರು ನೋಡಿರಲಾರರೆಂದು ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಅದನ್ನೇ ಇನ್ನೊಮ್ಮೆ ತೋರಿಸಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಆಗ 28 ತುಂಬಿರಲಿಲ್ಲ. ಆ ಮೊದಲ ಕಂತನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು, ಅವರಿಗೆ ಇನ್ನೂ 25 ಆಗಿರಲಿಲ್ಲ. ಒಬ್ಬ ತರುಣಿ, ಒಬ್ಬ ಭಾರತೀಯ ತರುಣ, ಇವರಿಬ್ಬರ ಕೈಯಲ್ಲಿ ಬಿಬಿಸಿಯ ಶನಿವಾರದ ಸಂಜೆ! ಆ ಕಾಲಕ್ಕೆ ಅದೇನೂ ಸಣ್ಣ ಸಂಗತಿಯಲ್ಲ.

ಕಥಾನಾಯಕನಿಗೆ ಹೆಸರಿಲ್ಲ, ಎಲ್ಲರೂ ‘ಡಾಕ್ಟರ್’ ಎನ್ನುತ್ತಾರೆ. ಗ್ಯಾಲಿಫ್ರೇ ಎಂಬ ದೂರದ ಗ್ರಹದವನು. ಪೊಲೀಸ್ ಫೋನಿನ ನೀಲಿ ಪೆಟ್ಟಿಗೆಯಂತೆ ಕಾಣುವ ‘ಟಾರ್ಡಿಸ್’ ಎಂಬ ವಾಹನದಲ್ಲಿ ಕಾಲವನ್ನೂ ಆಕಾಶವನ್ನೂ ದಾಟಿ ಹೋಗಬಲ್ಲ. ಆಯುಧ ಹಿಡಿಯುವುದಿಲ್ಲ. ಸಾಯುವ ಹೊತ್ತು ಬಂದರೆ ದೇಹ ಬದಲಾಗಿ ಹೊಸ ಮುಖ, ಹೊಸ ಸ್ವಭಾವ ಪಡೆಯುತ್ತಾನೆ. ಈ ಉಪಾಯ ಹುಟ್ಟಿದ್ದು ಕಷ್ಟದಲ್ಲಿ. ಮೊದಲ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಾಗ, 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ಅದೇ ಪಾತ್ರಕ್ಕೆ ತರಬೇಕಾಗಿತ್ತು. ಒಬ್ಬನೇ ಮನುಷ್ಯನಿಗೆ ಹಲವು ಮುಖ ಎಂಬುದು ಅಲ್ಲಿಂದ ನಡೆದುಬಂದ ಪದ್ಧತಿ. ನಮ್ಮ ಕಂತಿನ ತಿರುಳಿಗೆ ಇದನ್ನು ನೆನಪಿಟ್ಟುಕೊಳ್ಳಿ.

1989ರಲ್ಲಿ ನಿಂತುಹೋದ ಧಾರಾವಾಹಿ 2005ರಲ್ಲಿ ಮತ್ತೆ ಆರಂಭವಾಯಿತು. ಆಗ ಬಂದ ಒಂಬತ್ತನೆಯ ಡಾಕ್ಟರ್ ಕ್ರಿಸ್ಟೋಫರ್ ಎಕ್ಲ್‌ಸ್ಟನ್. ಆತನ ನಗುವಿನ ಹಿಂದೆ ಏನೋ ಒಂದು ಭಾರ. ವಾರ ವಾರ ಸ್ವಲ್ಪ ಸ್ವಲ್ಪವಾಗಿ ವೀಕ್ಷಕರಿಗೆ ವಿಷಯ ತಿಳಿಯಿತು. ಗ್ಯಾಲಿಫ್ರೇಯವರಿಗೂ ಡೇಲೆಕ್ ಎಂಬ ಲೋಹದ ಕವಚದ ಕ್ರೂರ ಜೀವಿಗಳಿಗೂ ಘೋರ ಯುದ್ಧ ನಡೆದಿತ್ತು, ಇಡೀ ವಿಶ್ವ ಅದರ ಬೆಂಕಿಗೆ ಸಿಕ್ಕಿತ್ತು. ಅದನ್ನು ನಿಲ್ಲಿಸಲು ಡಾಕ್ಟರ್ ಎರಡೂ ಕಡೆಯವರನ್ನು, ತನ್ನ ಗ್ರಹವನ್ನೂ ಸೇರಿಸಿ, ಸುಟ್ಟುಬಿಟ್ಟ. ಎಂಟು ವರ್ಷ ಧಾರಾವಾಹಿ ಈ ಸಂಗತಿಯನ್ನು ಮುಗಿದ ಕಥೆಯೆಂದೇ ನಡೆಸಿಕೊಂಡು ಬಂತು. ನಾಯಕ ದುಃಖಪಟ್ಟ, ನಾವು ಮರುಕಪಟ್ಟೆವು. ಮಾಡಿದ್ದು ಸರಿಯೇ ಎಂದು ಮಾತ್ರ ಯಾರೂ ಕೂತು ಕೇಳಲಿಲ್ಲ.

ಆ ಕೊನೆಯ ದಿನ

ಐವತ್ತನೆಯ ವರ್ಷದ ಕಥೆಯನ್ನು ಬರೆದ ಸ್ಟೀವನ್ ಮೊಫಾಟ್ ಹಬ್ಬದ ದಿನ ಆ ಹಳೆಯ ಗಾಯವನ್ನೇ ಬಿಚ್ಚಿದರು. ನಿರ್ದೇಶನ ನಿಕ್ ಹರನ್ ಅವರದು. ಎಕ್ಲ್‌ಸ್ಟನ್ ಮರಳಿ ಬರಲು ಒಪ್ಪಲಿಲ್ಲ. ಹಾಗಾಗಿ ಯುದ್ಧ ಕಾಲದ ಡಾಕ್ಟರನ ಪಾತ್ರಕ್ಕೆ ಹಿರಿಯ ನಟ ಜಾನ್ ಹರ್ಟ್ ಬಂದರು (ಅವರು 2017ರಲ್ಲಿ ತೀರಿಕೊಂಡರು). ಈ ಡಾಕ್ಟರ್ ಬಗ್ಗೆ ಉಳಿದ ಡಾಕ್ಟರುಗಳು ಬಾಯಿಬಿಟ್ಟಿರಲಿಲ್ಲ. ಯುದ್ಧಕ್ಕೆ ಇಳಿದಂದೇ ಆತ ‘ಡಾಕ್ಟರ್’ ಎಂಬ ಹೆಸರನ್ನು ಬಿಟ್ಟುಕೊಟ್ಟಿದ್ದ. ಗುಣಪಡಿಸುವವನ ಹೆಸರು ಕೊಲ್ಲುವವನಿಗೆ ಸಲ್ಲದೆಂದು ಆತನಿಗೇ ಗೊತ್ತಿತ್ತು. ಮನೆಯ ಆಲ್ಬಮ್ಮಿನಿಂದ ಒಬ್ಬರ ಫೋಟೋ ಕಿತ್ತು ತೆಗೆದ ಹಾಗೆ ಆತನನ್ನು ಮುಂದಿನ ಡಾಕ್ಟರುಗಳು ತಮ್ಮ ಲೆಕ್ಕದಿಂದ ತೆಗೆದುಹಾಕಿದ್ದರು. ಎಷ್ಟೋ ಕುಟುಂಬಗಳಲ್ಲಿ ಹೀಗೆ ಹೆಸರೆತ್ತದ ಒಬ್ಬರು ಇರುತ್ತಾರಲ್ಲವೇ? ಇಲ್ಲಿ ಆ ಒಬ್ಬರು ತಾನೇ.

ಯುದ್ಧದ ಕೊನೆಯ ದಿನ. ಆರ್ಕೇಡಿಯಾ ನಗರ ಬಿದ್ದಿದೆ, ಬೀದಿಯಲ್ಲಿ ಮಕ್ಕಳು ಅಳುತ್ತಿದ್ದಾರೆ. ಮುದಿ ಡಾಕ್ಟರ್ ‘ಮೊಮೆಂಟ್’ ಎಂಬ ಮಹಾಸ್ತ್ರವನ್ನು ಕದ್ದು ಮೂಟೆ ಕಟ್ಟಿಕೊಂಡು, ಮರಳುಗಾಡಿನ ಒಂದು ಹಾಳು ಕೊಟ್ಟಿಗೆಗೆ ನಡೆದು ಬರುತ್ತಾನೆ. ಆದರೆ ಆ ಅಸ್ತ್ರವನ್ನು ಅದರ ತಯಾರಕರು ಎಷ್ಟು ಚುರುಕಾಗಿ ಮಾಡಿದ್ದರೆಂದರೆ ಅದಕ್ಕೆ ಮನಸ್ಸಾಕ್ಷಿ ಹುಟ್ಟಿಬಿಟ್ಟಿದೆ! ಬಳಸಲು ಬಂದವನನ್ನೇ ಅದು ವಿಚಾರಣೆ ಮಾಡುತ್ತದೆ. ಹಾಗಾಗಿ ಅದನ್ನು ಯಾರೂ ಬಳಸಿರಲಿಲ್ಲ. ಒಬ್ಬ ತರುಣಿಯ ರೂಪದಲ್ಲಿ (ನಟಿ ಬಿಲ್ಲಿ ಪೈಪರ್) ಅದು ಆತನ ಮುಂದೆ ಕೂತು ಮಾತಾಡುತ್ತದೆ. ತಾನೂ ಇದರಲ್ಲಿ ಸಾಯುವೆನೆಂದು ಆತ ತೀರ್ಮಾನಿಸಿಕೊಂಡು ಬಂದಿದ್ದಾನೆ. ಅಸ್ತ್ರ ಒಪ್ಪುವುದಿಲ್ಲ. ಇದನ್ನು ಮಾಡಿದರೆ ನಿನಗಿರುವ ಶಿಕ್ಷೆ ಸಾವಲ್ಲ, ಬದುಕಿ ಉಳಿಯುವುದು ಎನ್ನುತ್ತದೆ. ಅಷ್ಟೇ ಅಲ್ಲ, ಹಾಗೆ ಉಳಿದವನು ಹೇಗಿರುತ್ತಾನೆ ನೋಡು ಎಂದು ಕಾಲದ ಬಾಗಿಲನ್ನು ತೆರೆದು ಆತನ ಭವಿಷ್ಯದ ಇಬ್ಬರು ಡಾಕ್ಟರುಗಳ ಬಳಿಗೆ ಕಳಿಸುತ್ತದೆ.

ಆ ಇಬ್ಬರು ಯಾರು? ಹತ್ತನೆಯ ಡಾಕ್ಟರ್ ಡೇವಿಡ್ ಟೆನೆಂಟ್, ಹನ್ನೊಂದನೆಯವನು ಮ್ಯಾಟ್ ಸ್ಮಿತ್. ಇಬ್ಬರೂ ನೋಡಲು ಹುಡುಗರಂತೆ, ಮಾತಿನಲ್ಲಿ ಚೇಷ್ಟೆ. ಅಜ್ಜನಂತೆ ಕಾಣುವ ಜಾನ್ ಹರ್ಟ್ ವಯಸ್ಸಿನಲ್ಲಿ ಇಬ್ಬರಿಗಿಂತ ಕಿರಿಯ. ಮೊದಲು ನಾವು ಈ ಗೊಂದಲಕ್ಕೆ ನಗುತ್ತೇವೆ. ಆಮೇಲೆ ಅರ್ಥವಾಗುತ್ತದೆ, ಆ ಇಬ್ಬರು ಯಾಕೆ ಇಷ್ಟು ಎಳೆಯರಂತೆ ಆಡುತ್ತಾರೆ ಎಂದು. ದೊಡ್ಡವನಾಗಿದ್ದಾಗ ಮಾಡಿದ್ದನ್ನು ನೆನೆಯಲಾರದೆ ಮತ್ತೆ ಹುಡುಗನಾಗಲು ಹೊರಟವನ ಆಟ ಅದು.

1562ರ ಇಂಗ್ಲೆಂಡಿನಲ್ಲಿ, ಮೊದಲನೆಯ ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ, ಮೂವರೂ ಟವರ್ ಆಫ್ ಲಂಡನ್ ಕೋಟೆಯ ಸೆರೆಕೋಣೆಗೆ ಬೀಳುತ್ತಾರೆ. (ಈ ಪುಟದ ಓದುಗರಿಗೆ ಆ ಸೆರೆಮನೆ ಹೊಸದಲ್ಲ. ಮನಸ್ಸಾಕ್ಷಿಗೆ ವಿರುದ್ಧವಾಗಿ ಪ್ರಮಾಣ ಮಾಡಲಾರೆನೆಂದ ಸಂತ ಥಾಮಸ್ ಮೋರ್ 1535ರಲ್ಲಿ ಅಲ್ಲಿಂದಲೇ ವಧಾಸ್ಥಾನಕ್ಕೆ ನಡೆದವರು.) ಅಲ್ಲಿ ಮುದಿ ಡಾಕ್ಟರ್ ಸದ್ದಿಲ್ಲದೆ ಒಂದು ಪ್ರಶ್ನೆ ಕೇಳುತ್ತಾನೆ. ಆ ದಿನ ಗ್ಯಾಲಿಫ್ರೇಯಲ್ಲಿ ಎಷ್ಟು ಮಕ್ಕಳಿದ್ದರು? ಎಂದಾದರೂ ಎಣಿಸಿ ನೋಡಿದ್ದೀಯಾ?

ಹನ್ನೊಂದನೆಯವನು ತನಗೆ ಗೊತ್ತೇ ಇಲ್ಲ ಎನ್ನುತ್ತಾನೆ. ಎಣಿಸಿ ಪ್ರಯೋಜನವೇನು ಎಂದೂ ಕೇಳುತ್ತಾನೆ. ಹತ್ತನೆಯವನು ಮಾತ್ರ ಸಂಖ್ಯೆಯನ್ನು ಹೇಳಿಬಿಡುತ್ತಾನೆ. 247 ಕೋಟಿ. ಆತ ಎಣಿಸಿದ್ದಾನೆ. ಮರುಕ್ಷಣವೇ ತನ್ನ ಮುಂದಿನ ರೂಪದ ಮೇಲೆ ತಿರುಗಿ ಬೀಳುತ್ತಾನೆ. ನೀನು ಮರೆತೆಯಾ? ಮರೆಯಲು ಇಷ್ಟೇ ವರ್ಷ ಸಾಕಾಯಿತೇ? ಕೋಣೆಯ ಮೂಲೆಯಲ್ಲಿ, ಮುದಿ ಡಾಕ್ಟರನಿಗೆ ಮಾತ್ರ ಕಾಣುವಂತೆ ಕೂತ ಆ ತರುಣಿ ಇಬ್ಬರಿಗೂ ಹೆಸರಿಡುತ್ತಾಳೆ. ಒಬ್ಬ ಪಶ್ಚಾತ್ತಾಪಪಡುವವನು, ಇನ್ನೊಬ್ಬ ಮರೆಯುವವನು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಮಾಡಬಾರದ್ದನ್ನು ಮಾಡಿದ ಮೇಲೆ ಮನುಷ್ಯನಿಗೆ ಸಾಮಾನ್ಯವಾಗಿ ಕಾಣುವ ದಾರಿಗಳು ಈ ಎರಡೇ. ದಿನವೂ ಗಾಯವನ್ನು ಕೆರೆದುಕೊಳ್ಳುವುದು ಒಂದು, ಮೇಲೆ ಬಟ್ಟೆ ಹೊದಿಸಿ ನಡೆದುಬಿಡುವುದು ಇನ್ನೊಂದು. ಮೊದಲನೆಯವನನ್ನು ನಾವು ಒಳ್ಳೆಯವನೆನ್ನುತ್ತೇವೆ, ಎರಡನೆಯವನನ್ನು ಕಲ್ಲೆದೆಯವನೆನ್ನುತ್ತೇವೆ. ಕಂತು ಹಾಗೆ ಹೇಳುವುದಿಲ್ಲ. ಇಬ್ಬರೂ ಆ ಕೊಟ್ಟಿಗೆಯ ಬಾಗಿಲ ಬಳಿಗೆ ಹಿಂತಿರುಗಿ ಹೋದವರಲ್ಲ. ಎಣಿಸಿದವನೂ ಸಂಖ್ಯೆಯನ್ನು ಕಂಠಪಾಠ ಮಾಡಿಕೊಂಡನೇ ಹೊರತು, ಬೇರೆ ದಾರಿ ಇತ್ತೇ ಎಂದು ಕೇಳಿಕೊಳ್ಳಲಿಲ್ಲ.

ಬೀಗವಿಲ್ಲದ ಬಾಗಿಲು

ಅದೇ ಸೆರೆಕೋಣೆಯ ಇನ್ನೊಂದು ಪ್ರಸಂಗ ನನಗೆ ಬಹಳ ಹಿಡಿಸುತ್ತದೆ. ಗಟ್ಟಿಮರದ ಬಾಗಿಲು. ಅದನ್ನು ಪುಡಿಮಾಡಲು ಡಾಕ್ಟರನ ಕೈಯಲ್ಲಿರುವ ಉಪಕರಣ ಲೆಕ್ಕ ಹಾಕಬೇಕಾದರೆ ನೂರಾರು ವರ್ಷ ಬೇಕು. ಆದರೆ ಮೂವರ ಕೈಯಲ್ಲಿರುವುದೂ ಒಂದೇ ಉಪಕರಣ, ಕವಚ ಮಾತ್ರ ಬೇರೆ. ಮುದಿ ಡಾಕ್ಟರ್ ತನ್ನದರಲ್ಲಿ ಲೆಕ್ಕ ಆರಂಭಿಸಿದರೆ 400 ವರ್ಷಗಳ ನಂತರದವನ ಕೈಯಲ್ಲಿ ಉತ್ತರ ಸಿದ್ಧವಿರುತ್ತದೆ! ಮೂವರೂ ತಮ್ಮ ಜಾಣತನಕ್ಕೆ ಬೀಗುತ್ತಿರುವಾಗ ಹನ್ನೊಂದನೆಯವನ ಸಂಗಾತಿ ಕ್ಲಾರಾ (ಜೆನ್ನಾ ಕೋಲ್ಮನ್) ಹೊರಗಿನಿಂದ ಬಾಗಿಲು ತಳ್ಳಿ ಒಳಗೆ ಬರುತ್ತಾಳೆ. ಬೀಗವೇ ಹಾಕಿರಲಿಲ್ಲ. ಏನು ಮಾಡುತ್ತಾರೋ ನೋಡೋಣವೆಂದು ರಾಣಿ ಹಾಗೆ ಬಿಟ್ಟಿದ್ದಳು. ಮೂವರಲ್ಲಿ ಒಬ್ಬನೂ ಒಮ್ಮೆ ಎಳೆದು ನೋಡಿರಲಿಲ್ಲ.

ನಗು ಬರುತ್ತದೆ, ನಿಜ. ಆದರೆ ಕೊಟ್ಟಿಗೆಯಲ್ಲಿ ಆಗಿದ್ದೂ ಇದೇ ಅಲ್ಲವೇ?

ಇದರ ಜೊತೆಜೊತೆಗೆ ಇಂದಿನ ಲಂಡನ್ನಿನಲ್ಲಿ ಇನ್ನೊಂದು ಕಥೆ ನಡೆಯುತ್ತದೆ. ಝೈಗನ್ ಎಂಬ ರೂಪ ಬದಲಿಸುವ ಅನ್ಯಗ್ರಹದವರು ನ್ಯಾಷನಲ್ ಗ್ಯಾಲರಿಯ ವರ್ಣಚಿತ್ರಗಳೊಳಗೆ ಶತಮಾನಗಳಿಂದ ಅಡಗಿ ಕೂತವರು. ಹೊರಬಂದು ಅಧಿಕಾರಿಗಳ ರೂಪ ತಾಳಿ, ಟವರಿನ ಕೆಳಗಿನ ರಹಸ್ಯ ಭಂಡಾರಕ್ಕೆ ನುಗ್ಗುತ್ತಾರೆ. ಅಲ್ಲಿನ ಆಯುಧಗಳು ಅವರ ಕೈಗೆ ಸಿಕ್ಕರೆ ಜಗತ್ತು ಉಳಿಯುವುದಿಲ್ಲ. ಮೇಲಧಿಕಾರಿ ಕೇಟ್ ಸ್ಟೂವರ್ಟ್ ಲಂಡನ್ ನಗರವನ್ನೇ ಸುಡಬಲ್ಲ ಅಣುಬಾಂಬಿಗೆ ಚಾಲನೆ ಕೊಡುತ್ತಾಳೆ. ಐದು ನಿಮಿಷದ ಗಡುವು. ಆಕೆಯ ಲೆಕ್ಕ ಸರಳ. ಕೆಲವು ಲಕ್ಷ ಜನರ ಸಾವಿನಿಂದ ಕೋಟಿ ಕೋಟಿ ಜನರ ಉಳಿವು. ಆಕೆ ಕೆಟ್ಟವಳಲ್ಲ, ಕರ್ತವ್ಯನಿಷ್ಠೆ. ಡಾಕ್ಟರುಗಳಿಗೆ ಕನ್ನಡಿ ನೋಡಿದಂತಾಗುತ್ತದೆ. ತಾವು ಹೇಳಿಕೊಂಡ ಮಾತನ್ನೇ ಆಕೆ ಹೇಳುತ್ತಿದ್ದಾಳೆ. ಅದು ಸುಳ್ಳು, ಆ ಸುಳ್ಳಿನೊಂದಿಗೆ ಬದುಕಿದವರು ನಾವು ಎಂದು ಆಕೆಯನ್ನು ತಡೆಯಲು ನೋಡುತ್ತಾರೆ. ಆಕೆ ಕೇಳುವುದಿಲ್ಲ.

ಆಗ ಮಾಡುವ ಉಪಾಯವನ್ನು ಗಮನಿಸಿ. ಅಲ್ಲಿರುವ ಮನುಷ್ಯರೂ ಅವರ ರೂಪದ ಝೈಗನ್ನರೂ ತಾವು ಯಾರೆಂಬುದನ್ನೇ ಮರೆಯುವಂತೆ ಮಾಡಿಬಿಡುತ್ತಾರೆ. ತಾನು ಮನುಷ್ಯಳೋ ಝೈಗನ್ನಳೋ ಎಂದು ಎರಡು ಕೇಟ್‌ಗಳಿಗೂ ಗೊತ್ತಿಲ್ಲ. ತಕ್ಷಣ ಇಬ್ಬರೂ ಒಂದೇ ಉಸಿರಿನಲ್ಲಿ ಬಾಂಬನ್ನು ನಿಲ್ಲಿಸುತ್ತಾರೆ. ಒಪ್ಪಂದದ ಮಾತುಕತೆಗೂ ಕೂರುತ್ತಾರೆ. ತನ್ನ ಪಾಲು ಯಾವುದೆಂದು ತಿಳಿಯದವನು ಎರಡು ಪಾಲನ್ನೂ ಸಮನಾಗಿಯೇ ಕೊಯ್ಯುತ್ತಾನೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ತಮ್ಮ ನ್ಯಾಯಸಿದ್ಧಾಂತದ ಗ್ರಂಥದಲ್ಲಿ ಹೇಳಿದ್ದು ಬಹುಮಟ್ಟಿಗೆ ಇದನ್ನೇ. ಸಮಾಜದಲ್ಲಿ ನಾನು ಎಲ್ಲಿ ಹುಟ್ಟುತ್ತೇನೆಂದು ಗೊತ್ತಿಲ್ಲದೆ ನಿಯಮ ಮಾಡಬೇಕಾಗಿ ಬಂದರೆ ಮಾತ್ರ ನಾನು ನ್ಯಾಯವಾದ ನಿಯಮ ಮಾಡುತ್ತೇನೆ ಎಂದು. ರಾಲ್ಸ್ ಅವರನ್ನು ಓದದ ಅಮ್ಮಂದಿರಿಗೂ ಇದು ಗೊತ್ತು. ಹೋಳಿಗೆಯನ್ನು ಅಣ್ಣನ ಕೈಯಲ್ಲಿ ಮುರಿಸಿ, ಮೊದಲು ಆರಿಸಿಕೊಳ್ಳುವ ಹಕ್ಕನ್ನು ತಮ್ಮನಿಗೆ ಕೊಟ್ಟು ನೋಡಿ. ಮನೆಯಲ್ಲಿ ಈ ಭಾಗವನ್ನು ಮಕ್ಕಳೊಂದಿಗೆ ಮಾತಾಡುವುದಾದರೆ ಹೋಳಿಗೆಯಿಂದಲೇ ಆರಂಭಿಸಬಹುದು.

ಮತ್ತೆ ಕೊಟ್ಟಿಗೆಗೆ

ಮುದಿ ಡಾಕ್ಟರ್ ಇದನ್ನೆಲ್ಲ ನೋಡುತ್ತಾನೆ. ಆತ ಮಾಡುವ ತೀರ್ಮಾನ ಮಾತ್ರ ನಾವೆಣಿಸಿದಂತಿಲ್ಲ. ತನ್ನ ಪಾಪದ ಭಾರದಿಂದಲೇ ಈ ಇಬ್ಬರು ಇಷ್ಟು ಜನರನ್ನು ಉಳಿಸುವವರಾದರು, ಆದ್ದರಿಂದ ತಾನು ಗುಂಡಿ ಒತ್ತಲೇಬೇಕು ಎಂದು ಹಿಂತಿರುಗುತ್ತಾನೆ. ಇದು ಬಹಳ ನಾಜೂಕಾದ ಬಲೆ. ಕೆಟ್ಟದ್ದರಿಂದ ಮುಂದೆ ಒಳ್ಳೆಯದು ಬಂತು, ಹಾಗಾದರೆ ಕೆಟ್ಟದ್ದೂ ಒಳ್ಳೆಯದೇ ಎಂಬ ತರ್ಕ. ನಾವೂ ಆಡುತ್ತೇವೆ, “ಅಂದು ಹೊಡೆದೆ, ಅದಕ್ಕೇ ಇಂದು ಅವನು ಮನುಷ್ಯನಾದ” ಎಂದು. ಅವನು ಮನುಷ್ಯನಾದದ್ದು ಹೊಡೆತದಿಂದಲೋ, ಹೊಡೆತ ತಿಂದರೂ ಒಳಗೆ ಉಳಿಸಿಕೊಂಡ ಯಾವುದೋ ಒಳ್ಳೆಯತನದಿಂದಲೋ?

ಇನ್ನಿಬ್ಬರೂ ಆತನ ಹಿಂದೆಯೇ ಕೊಟ್ಟಿಗೆಗೆ ಬರುತ್ತಾರೆ. ಇಷ್ಟು ವರ್ಷ ಆತನನ್ನು ತಮ್ಮವನಲ್ಲವೆಂದು ದೂರವಿಟ್ಟಿದ್ದಕ್ಕೆ ತಲೆತಗ್ಗಿಸಿ, ಈ ಸಲ ನೀನು ಒಬ್ಬನೇ ಮಾಡಬೇಕಾಗಿಲ್ಲ ಎಂದು ಮೂವರೂ ಒಟ್ಟಿಗೆ ಗುಂಡಿಯ ಮೇಲೆ ಕೈಯಿಡುತ್ತಾರೆ. ಕರುಣೆಯ ದೃಶ್ಯವೇ. ಆದರೆ ತಪ್ಪನ್ನು ಹಂಚಿಕೊಂಡರೆ ತಪ್ಪು ಸರಿಯಾಗುತ್ತದೆಯೇ?

ಅದನ್ನು ಕೇಳುವವಳು ಕ್ಲಾರಾ. ಆಕೆ ವಾದ ಮಾಡುವುದಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾಳೆ. ನೀನು ಇದನ್ನು ಮಾಡಿದೆಯೆಂದು ಹೇಳಿದ್ದೆ, ಮಾಡುವುದನ್ನು ಮಾತ್ರ ನಾನು ಊಹಿಸಿಕೊಂಡಿರಲಿಲ್ಲ ಎನ್ನುತ್ತಾಳೆ. ಅಷ್ಟರಲ್ಲಿ ಅಸ್ತ್ರವೇ ಅವರ ಸುತ್ತ ಆ ನಗರವನ್ನು ತೋರಿಸುತ್ತದೆ. 247 ಕೋಟಿ ಎಂಬ ಅಂಕಿ ಓಡುತ್ತಿರುವ, ಬಿದ್ದು ಅಳುತ್ತಿರುವ ಮಕ್ಕಳಾಗುತ್ತದೆ. ಡಾಕ್ಟರ್ ಎಂಬ ಹೆಸರಿನೊಳಗಿದ್ದ ಮಾತನ್ನು ಕ್ಲಾರಾ ನೆನಪಿಸುತ್ತಾಳೆ. ಅದು ಒಂದು ಪ್ರತಿಜ್ಞೆ. ಕ್ರೂರನಾಗಬಾರದು, ಹೇಡಿಯಾಗಬಾರದು, ಸೋತು ಕೈಚೆಲ್ಲಬಾರದು. ಯುದ್ಧವೀರರು ಬೇಕಾದಷ್ಟಿದ್ದಾರೆ, ನೀನು ಡಾಕ್ಟರಾಗಿರು ಎನ್ನುತ್ತಾಳೆ.

ಆಮೇಲೆ ಬಾಗಿಲು ಎಳೆದು ನೋಡುತ್ತಾರೆ. ತೆರೆದೇ ಇದೆ! ವರ್ಣಚಿತ್ರದೊಳಗೆ ಝೈಗನ್ನರು ಅಡಗಿದ್ದಂತೆಯೇ ಇಡೀ ಗ್ರಹವನ್ನು ಒಂದು ಕ್ಷಣದೊಳಗೆ ಹೆಪ್ಪುಗಟ್ಟಿಸಿ ಬೇರೊಂದು ಕಡೆ ಇಟ್ಟುಬಿಟ್ಟರೆ? ಸುತ್ತುಗಟ್ಟಿ ಗುಂಡು ಹಾರಿಸುತ್ತಿರುವ ಡೇಲೆಕ್ಕುಗಳು ನಡುವೆ ಗ್ರಹವಿಲ್ಲದೆ ಪರಸ್ಪರ ಹೊಡೆದುಕೊಂಡು ನಾಶವಾಗುತ್ತವೆ. ಲೆಕ್ಕಕ್ಕೆ ನೂರಾರು ವರ್ಷ ಬೇಕು, ಸರಿ, ಹಾಗಾದರೆ ಮೊದಲ ಡಾಕ್ಟರನೇ ಆರಂಭಿಸಿದ್ದಾನೆ. ಹಳೆಯ ಕಪ್ಪುಬಿಳುಪಿನ ಹಾರ್ಟ್ನೆಲ್‌ರಿಂದ ಹಿಡಿದು ಆಗಿನ್ನೂ ತೆರೆಗೆ ಬಂದಿರದ ಪೀಟರ್ ಕಪಾಲ್ಡಿಯವರ ಕಣ್ಣುಗಳವರೆಗೆ, ಹದಿಮೂರು ಡಾಕ್ಟರುಗಳು ಹದಿಮೂರು ನೀಲಿ ಪೆಟ್ಟಿಗೆಗಳಲ್ಲಿ ಧಾವಿಸಿ ಬರುತ್ತಾರೆ. ಐವತ್ತು ವರ್ಷ ನೋಡಿದವರು ಆ ಹೊತ್ತಿಗೆ ಎದ್ದು ಚಪ್ಪಾಳೆ ತಟ್ಟಿದ್ದರೆ ಆಶ್ಚರ್ಯವಿಲ್ಲ.

ಇದು ಮೋಸದ ಮುಕ್ತಾಯ ಎಂದು ಆಕ್ಷೇಪಿಸಬಹುದು. ಕಾಲಯಂತ್ರವಿದ್ದವನು ಹಿಂದೆ ಹೋಗಿ ತಿದ್ದಿಕೊಂಡ, ನಮಗೆಲ್ಲಿದೆ ಆ ಯಂತ್ರ? ಎಂಟು ವರ್ಷದ ದುಃಖವನ್ನು ಒಂದು ಸಂಜೆಯಲ್ಲಿ ಅಳಿಸಿದರೆ ಆ ದುಃಖಕ್ಕೆ ಬೆಲೆಯೇನು? ಆಕ್ಷೇಪ ಹಗುರವಾದದ್ದಲ್ಲ. ಬಾಗಿಲು ನಿಜಕ್ಕೂ ಮುಚ್ಚಿದ್ದ ಸಂದರ್ಭಗಳೂ ಬದುಕಿನಲ್ಲಿವೆ, ಅವುಗಳ ಮುಂದೆ ಈ ಕಥೆ ಮೌನವಾಗಿದೆ ಎಂದು ನಾನೂ ಒಪ್ಪುತ್ತೇನೆ. ಉಳಿಸಿದ್ದು ಶಾಶ್ವತವೂ ಅಲ್ಲ. 2020ರ ಕಂತಿನಲ್ಲಿ ಗ್ಯಾಲಿಫ್ರೇ ಇನ್ನೊಬ್ಬನ ಕೈಯಲ್ಲಿ ಬೂದಿಯಾಯಿತು.

ಆದರೂ ಮೊಫಾಟ್ ಒಂದು ಕಡೆ ಬಹಳ ಕಟ್ಟುನಿಟ್ಟಾಗಿದ್ದಾರೆ. ತಾವು ಗೆದ್ದೆವೋ ಸೋತೆವೋ ಎಂಬುದು ಆ ದಿನ ಯಾರಿಗೂ ತಿಳಿಯುವುದಿಲ್ಲ. ಕೆಟ್ಟದ್ದರಲ್ಲಿ ಗೆಲ್ಲುವುದಕ್ಕಿಂತ ಒಳ್ಳೆಯದನ್ನು ಮಾಡಹೋಗಿ ಸೋತದ್ದೇ ಮೇಲು ಎಂಬಷ್ಟಕ್ಕೇ ಮುದಿ ಡಾಕ್ಟರ್ ತೃಪ್ತನಾಗುತ್ತಾನೆ. ಚಹಾ ಕುಡಿದು, ಮತ್ತೆ ‘ಡಾಕ್ಟರ್’ ಎಂದು ಕರೆಸಿಕೊಂಡ ಸಂತೋಷದಿಂದ ಹೊರಡುತ್ತಾನೆ. ಆದರೆ ಮೂವರ ಕಾಲಗಳು ಬೆರೆತಿದ್ದರಿಂದ ಹಿಂದಿನ ಇಬ್ಬರಿಗೂ ಇದು ನೆನಪಿರುವುದಿಲ್ಲ. ಗುಂಡಿ ಒತ್ತಿದೆನೆಂದೇ ನಂಬಿ ಅವರು ಬದುಕಬೇಕು. ಹನ್ನೊಂದನೆಯವನಿಗೆ ಮಾತ್ರ ನೆನಪು. ಆತನಿಗೂ ಗ್ರಹ ಉಳಿದ ಸುಳಿವು ಸಿಗುವುದು ಗ್ಯಾಲರಿಯಲ್ಲಿ, ಒಬ್ಬ ಮುದುಕನಿಂದ. ಆ ಮುದುಕನಾಗಿ ಬಂದವರು ನಾಲ್ಕನೆಯ ಡಾಕ್ಟರಾಗಿದ್ದ ಟಾಮ್ ಬೇಕರ್. ಗ್ಯಾಲಿಫ್ರೇಯ ಆ ಚಿತ್ರಕ್ಕೆ ಎರಡು ಹೆಸರಿದೆಯೆಂದು ಎಲ್ಲರೂ ತಿಳಿದಿದ್ದರು, ‘ಗ್ಯಾಲಿಫ್ರೇ ಬೀಳುತ್ತದೆ’ ಮತ್ತು ‘ಇನ್ನಿಲ್ಲ’. ಎರಡಲ್ಲ, ಒಂದೇ ಹೆಸರು ಎಂದು ಆತ ಜೋಡಿಸಿ ಓದುತ್ತಾನೆ. ಗ್ಯಾಲಿಫ್ರೇ ಇನ್ನು ಬೀಳುವುದಿಲ್ಲ.

ಈ ಕಂತನ್ನು ನೋಡಿದ ಮೇಲೆ 2005ರ ಏಪ್ರಿಲ್ 30ರಂದು ಪ್ರಸಾರವಾದ ‘ಡೇಲೆಕ್’ ಎಂಬ ಕಂತನ್ನು ಹುಡುಕಿ ನೋಡಿ. ಒಂಬತ್ತನೆಯ ಡಾಕ್ಟರ್, ಸರಪಳಿಯಲ್ಲಿ ಕಟ್ಟಿದ ಒಂದೇ ಒಂದು ಶತ್ರುವಿನ ಎದುರು ನಿಂತಿದ್ದಾನೆ. ನಿಮ್ಮವರನ್ನೆಲ್ಲ ಸುಟ್ಟವನು ನಾನೇ ಎನ್ನುತ್ತಾನೆ. ನನ್ನವರೂ ನಿಮ್ಮೊಂದಿಗೆ ಸುಟ್ಟುಹೋದರು ಎನ್ನುತ್ತಾನೆ. ಬೇರೆ ದಾರಿ ಇರಲಿಲ್ಲ ಎಂದೂ ಹೇಳುತ್ತಾನೆ. ಎಕ್ಲ್‌ಸ್ಟನ್ ಆ ಮಾತನ್ನು ಆಡುವಾಗ ಅವರ ಮುಖವನ್ನು ನೋಡಿ. ಹರ್ಟ್ ಅವರ ಕೊಟ್ಟಿಗೆ ಆಗಿನ್ನೂ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಇಂದು ನೋಡುವ ನಮಗೆ ಮಾತ್ರ ಗೊತ್ತು, ಆತ ಸುಟ್ಟಿರಲಿಲ್ಲವೆಂದು.